ತೇರಿನ ಗದ್ದಲ ಬೇಡ ಅನ್ನುವವರಿಗೆ ಕೊಟ್ಟೂರಿನ ದಾರಿ

ಶಿವರಾತ್ರಿಗೆ ಮುಂಚೆ ಬರುವ ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಪಾದಯಾತ್ರೆ ಹೊರಡುವುದು ಸುಲಭ. ದಾರಿಯುದ್ದಕ್ಕೂ ಮಜ್ಜಿಗೆ, ಪ್ರಸಾದ, ಮಲಗಲು ಪೆಂಡಾಲು ಇರುತ್ತವೆ. ಉಳಿದ ದಿನಗಳಲ್ಲಿ ಇದೇ ದಾರಿ ತಣ್ಣಗಿರುತ್ತದೆ, ಮನಸ್ಸಿಟ್ಟು ನಡೆಯಬಹುದು. ಆದರೆ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು.

ಮೊದಲು ಕಾಲ ನೋಡಿ. ಕಾರ್ತಿಕ ಮುಗಿದ ಮೇಲೆ ಸಂಕ್ರಾಂತಿವರೆಗೆ ಒಳ್ಳೆಯದು. ಬಿಸಿಲು ಕಡಿಮೆ. ಆಗ ರಸ್ತೆ ಅಂಚಿನಲ್ಲಿ ರೈತರು ಮೆಕ್ಕೆಜೋಳ ಒಣಗಿಸಿರುತ್ತಾರೆ. ದಯವಿಟ್ಟು ಅದನ್ನು ತುಳಿಯಬೇಡಿ, ಸುತ್ತಿ ಹೋಗಿ.

ದೂರ ಸುಮಾರು 70 ಕಿಲೋಮೀಟರ್. ಎರಡು ರಾತ್ರಿ ತಂಗಿದರೆ ಆರಾಮ. ಅಣಜಿ ದಾಟಿ ಮೊದಲ ರಾತ್ರಿ ಉಚ್ಚಂಗಿದುರ್ಗ. ಬೆಳಿಗ್ಗೆ ಬೆಟ್ಟ ಹತ್ತಿ ಉಚ್ಚಂಗೆಮ್ಮನಿಗೆ ಕೈಮುಗಿದು ಅರಸೀಕೆರೆಗೆ (ಹಾಸನದ್ದಲ್ಲ, ಹರಪನಹಳ್ಳಿ ತಾಲೂಕಿನದು) ನಡೆಯಿರಿ. ಅವತ್ತು ಅಲ್ಲಿಗೇ ಸಾಕು, ಮರುದಿನದ ನಡಿಗೆ ಉದ್ದ.

ಕಿಲೋಮೀಟರಿಗಿಂತ ನೀರಿನ ಲೆಕ್ಕ ಮುಖ್ಯ. ಒಂದು ಭಾನುವಾರ ಬೈಕಿನಲ್ಲಿ ಇದೇ ದಾರಿ ಹೋಗಿ ಬನ್ನಿ. ಹೋಟೆಲ್, ನೆರಳಿರುವ ಕಟ್ಟೆ, ಶುದ್ಧ ನೀರಿನ ಘಟಕ ಎಲ್ಲೆಲ್ಲಿವೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಘಟಕಕ್ಕೆ ನಾಣ್ಯ ಬೇಕು, ಕರೆಂಟೂ ಇರಬೇಕು. ಅದಕ್ಕೇ ಜೇಬಿನಲ್ಲಿ ಚಿಲ್ಲರೆ, ಚೀಲದಲ್ಲಿ ಎರಡು ಲೀಟರ್ ನೀರು ಯಾವಾಗಲೂ ಇರಲಿ. ಗುಡಿಯಲ್ಲೋ ಮಠದಲ್ಲೋ ಮಲಗುವುದಾದರೆ ಅವತ್ತೇ ಪೂಜಾರರನ್ನು, ಊರ ಹಿರಿಯರನ್ನು ಕೇಳಿ ಬನ್ನಿ. ಕತ್ತಲಾದ ಮೇಲೆ ಹೋಗಿ ಬಾಗಿಲು ತಟ್ಟುವುದು ಸರಿಯಲ್ಲ, ಅಲ್ವಾ?

ಚೀಲ ಹಗುರವಿರಲಿ. ಮಂಡಕ್ಕಿ, ಪುಟಾಣಿ, ಶೇಂಗಾ, ಬೆಲ್ಲ, ಓಆರ್‌ಎಸ್ ಪೊಟ್ಟಣ, ಟಾರ್ಚು, ಒಂದು ಹೊದಿಕೆ ಸಾಕು. ಹೊಸ ಚಪ್ಪಲಿ, ಹೊಸ ಶೂ ಖಂಡಿತಾ ಬೇಡ. ಹಳೇ ಶೂ ಹಾಕಿ, ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಸವರಿ. ಹಿಮ್ಮಡಿ ಉರಿಯಲು ಶುರುವಾದ ಕೂಡಲೇ ಕೂತು, ಕಾಲುಚೀಲ ತೆಗೆದು, ಅಲ್ಲಿಗೆ ಪಟ್ಟಿ ಹಚ್ಚಿ. ಮುಂದಿನ ಊರು ಬರಲಿ ಎಂದು ತಡೆದರೆ ಗುಳ್ಳೆ ಏಳುತ್ತದೆ. ಎದ್ದ ಗುಳ್ಳೆಯನ್ನು ಒಡೆಯಬೇಡಿ. ಬರಿಗಾಲ ಹರಕೆ ಇದ್ದವರು ಡಾಂಬರು ಕಾಯುವ ಮೊದಲೇ, ಅಂದರೆ ಬೆಳಿಗ್ಗೆ ಹತ್ತರೊಳಗೆ ನಡಿಗೆ ಮುಗಿಸಿ, ಮತ್ತೆ ಸಂಜೆ ಹೊರಡಿ. ಅವರಿಗೆ ಇನ್ನೊಂದು ದಿನ ಜಾಸ್ತಿ ಬೇಕು.

ರಸ್ತೆಯ ಬಲಬದಿಗೇ ನಡೆಯಿರಿ, ಎದುರು ಬರುವ ಗಾಡಿ ಕಾಣಬೇಕು. ನಸುಕಿನಲ್ಲಿ ಲೈಟಿಲ್ಲದ ಟ್ರ್ಯಾಕ್ಟರುಗಳೂ ಬರುತ್ತವೆ, ಬಿಳಿ ಬಟ್ಟೆ ಹಾಕಿ. ಒಬ್ಬರೇ ಹೋಗುವವರು ದಿನಕ್ಕೆರಡು ಸಲ ಮನೆಗೆ ಫೋನ್ ಮಾಡಿ.

ವಾಪಸ್ ಬರುವ ಬಸ್ಸಿನ ಸಮಯವನ್ನು ಮೊದಲೇ ಕೇಳಿಟ್ಟುಕೊಳ್ಳಿ. ದರ್ಶನ ಮುಗಿದ ಮೇಲೆ ಸ್ಟ್ಯಾಂಡಿನಲ್ಲಿ ಗಂಟೆಗಟ್ಟಲೆ ನಿಲ್ಲಲು ಕಾಲು ಕೇಳುವುದಿಲ್ಲ.