ಅಬ್ಬಿ ನೀರಿನ ತೋಟಕ್ಕೆ ಸೊಲೆನಾಯ್ಡ್ ವಾಲ್ವ್: ಕೊಳ್ಳುವ ಮೊದಲು ಒತ್ತಡ ಅಳೆಯಿರಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಅಡಿಕೆ ತೋಟಗಳಿಗೆ ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ನೀರು ತಾನಾಗಿಯೇ ಇಳಿದು ಬರುತ್ತದೆ. ಟೈಮರ್ ಇಟ್ಟು ಆ ನೀರನ್ನು ತೋಟದ ಒಂದೊಂದು ಭಾಗಕ್ಕೆ ಸರದಿಯಂತೆ ಬಿಡಲು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್, ಬಹಳ ಉಪಯುಕ್ತ. ಆದರೆ ಪಂಪಿನ ತೋಟಕ್ಕೆ ಒಗ್ಗಿದ ವಾಲ್ವ್ ಅಬ್ಬಿ ನೀರಿಗೂ ಒಗ್ಗೀತೆಂದು ಭಾವಿಸಬಾರದು.

ಸಾಮಾನ್ಯ ನೀರಾವರಿ ವಾಲ್ವಿನಲ್ಲಿ ದಾರಿಯನ್ನು ಮುಚ್ಚಿರುವುದು ಡಯಾಫ್ರಾಮ್ ಎಂಬ ರಬ್ಬರಿನ ಪೊರೆ. ವಾಲ್ವಿನ ತಂತಿಸುರುಳಿಯಾದ ಕಾಯಿಲ್‌ಗೆ ಕರೆಂಟ್ ಹರಿದಾಗ ಅದು ವಿದ್ಯುತ್ಕಾಂತವಾಗಿ ಒಳಗಿನ ಲೋಹದ ಕಡ್ಡಿಯನ್ನು (ಪ್ಲಂಜರ್) ಮೇಲಕ್ಕೆ ಸೆಳೆಯುತ್ತದೆ. ಆಗ ಒಂದು ಸಣ್ಣ ರಂಧ್ರ ತೆರೆದು, ಡಯಾಫ್ರಾಮಿನ ಮೇಲ್ಭಾಗದ ನೀರು ಮುಂದಕ್ಕೆ ಹರಿದುಹೋಗಿ, ಅಲ್ಲಿ ಒತ್ತಡ ಇಳಿದೊಡನೆ ಒಳಬರುವ ನೀರೇ ಡಯಾಫ್ರಾಮನ್ನು ಎತ್ತುತ್ತದೆ. ಕರೆಂಟಿನ ಪಾಲು ರಂಧ್ರ ತೆರೆಯುವಷ್ಟೇ. ಉಳಿದದ್ದೆಲ್ಲ ನೀರಿನ ಒತ್ತಡದ ಕೆಲಸ. ಇಂಥ ಹಲವು ವಾಲ್ವ್‌ಗಳಿಗೆ 0.5ರಿಂದ 1 ಬಾರ್ ಒತ್ತಡ ಬೇಕಾಗುತ್ತದೆ. ಅದು ಸಾಲದಿದ್ದರೆ ಪೂರ್ತಿ ತೆರೆಯುವುದೂ ಇಲ್ಲ, ಸರಿಯಾಗಿ ಮುಚ್ಚುವುದೂ ಇಲ್ಲ.

ಆದ್ದರಿಂದ ಮೊದಲ ಕೆಲಸ ಅಳತೆ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡವಿರುತ್ತದೆ. ಉದ್ದನೆಯ ಪೈಪಿನ ಘರ್ಷಣೆಯಲ್ಲಿ ಅದರಲ್ಲಿ ಒಂದಿಷ್ಟು ಕರಗುತ್ತದೆ. ವಾಲ್ವ್ ಕೂರಿಸುವ ಜಾಗದಲ್ಲಿ ಗೇಜ್ ಹಾಕಿ, ನೀರು ಹರಿಯುತ್ತಿರುವಾಗಲೇ ನೋಡಿಕೊಳ್ಳಿ. ಒತ್ತಡ ಕಡಿಮೆಯಿದ್ದರೆ ಶೂನ್ಯ ಒತ್ತಡದಲ್ಲೂ ತೆರೆಯುವ ಬಗೆಯ ವಾಲ್ವನ್ನೇ ಅಂಗಡಿಯಲ್ಲಿ ಕೇಳಿ ಪಡೆಯಬೇಕು.

ಎರಡನೆಯದು ಫಿಲ್ಟರ್. ಅಬ್ಬಿ ನೀರಿನಲ್ಲಿ ಎಲೆಚೂರು, ಮರಳು ಬರುವುದು ಸಹಜ. ಒಂದು ಮರಳಿನ ಕಣ ಆ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಂಡರೂ ಟೈಮರ್ ನಿಲ್ಲಿಸಿದ ಮೇಲೆ ನೀರು ನಿಲ್ಲುವುದಿಲ್ಲ. ವಾಲ್ವಿಗೆ ಮುಂಚೆ 120 ಮೆಶ್‌ನ ಡಿಸ್ಕ್ ಫಿಲ್ಟರ್, ಅದಕ್ಕೂ ಮುಂಚೆ ಕೈಯಿಂದ ಮುಚ್ಚುವ ಒಂದು ಬಾಲ್ ವಾಲ್ವ್ ಇರಲಿ.

ಜೋಡಿಸುವ ಮೊದಲು ಪೈಪಿನ ಕಸ ಹೋಗುವಷ್ಟು ನೀರು ಹರಿಯಬಿಡಿ. ವಾಲ್ವಿನ ಮೈಮೇಲಿನ ಬಾಣ ನೀರು ಹೋಗುವ ದಿಕ್ಕಿಗೇ ಇರಬೇಕು. ಪ್ಲಾಸ್ಟಿಕ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಕೈಬಿಗಿಗಿಂತ ತುಸು ಹೆಚ್ಚು ಬಿಗಿ ಮಾಡಿದರೆ ಸಾಕು.

24 ವೋಲ್ಟ್ ಎಸಿ ಕಾಯಿಲ್‌ನ ಎರಡು ವೈರ್‌ಗಳಲ್ಲಿ ಯಾವುದನ್ನು ಯಾವುದಕ್ಕೆ ಸೇರಿಸಿದರೂ ನಡೆಯುತ್ತದೆ. ಕ್ಷಣಕಾಲದ ಕರೆಂಟಿಗೆ ತೆರೆದು ಹಾಗೆಯೇ ನಿಲ್ಲುವ ಬ್ಯಾಟರಿಯ ಲ್ಯಾಚಿಂಗ್ ಕಾಯಿಲ್‌ಗೆ ಮಾತ್ರ ಪ್ಲಸ್ ಮೈನಸ್ ತಪ್ಪಬಾರದು. ಮಲೆನಾಡಿನ ಮಳೆಗೆ ಬರಿಯ ಇನ್ಸುಲೇಷನ್ ಟೇಪ್ ತಡೆಯದು, ಗ್ರೀಸ್ ತುಂಬಿದ ಕನೆಕ್ಟರನ್ನೇ ಬಳಸಿ. ವಾಲ್ವ್ ಪೆಟ್ಟಿಗೆಯನ್ನು ಬಸಿಗಾಲುವೆಯಿಂದ ಮೇಲಿನ ನೆಲದಲ್ಲಿ ಕೂರಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲೇ ಟೈಮರಿನ (ಕಂಟ್ರೋಲರ್) ಪ್ಲಗ್ ಕಿತ್ತಿಡಿ. ಮಳೆಗಾಲ ಮುಗಿದು ಮತ್ತೆ ನೀರು ಬಿಡುವ ಮುನ್ನ ಮುಚ್ಚಳ ಬಿಚ್ಚಿ ಡಯಾಫ್ರಾಮ್ ತೊಳೆಯಿರಿ.