ಒಂದು ಪಾಲು ದಾಂಗ್ ಗುಯಿ, ಐದು ಪಾಲು ಹುವಾಂಗ್ ಚೀ

ಆಯುರ್ವೇದ ಓದಿ ಮುಗಿಸಿ ಚೀನಾದ ಸಾಂಪ್ರದಾಯಿಕ ವೈದ್ಯ ಕಲಿಯಲು ಚೆಂಗ್ದು ನಗರಕ್ಕೆ ಹೋದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಒಂದು ಪಟ್ಟಿ ಮಾಡಿಕೊಂಡಿದ್ದೆ. ಚೀ ಅಂದರೆ ಪ್ರಾಣ. ಶ್ಯುಎ ಅಂದರೆ ರಕ್ತ. ಜಿಂಗ್ ಅಂದರೆ ಓಜಸ್ಸು. ಜಿನ್‌ಯೆ ಅಂದರೆ ರಸ. ಶೆನ್ ಅಂದರೆ ಮನಸ್ಸು. ಐದೂ ಹೊಂದಿಕೊಂಡವು ಅಂತ ಸಮಾಧಾನವಾಯಿತು. ಆ ಪಟ್ಟಿ ನನ್ನನ್ನು ಸುಮಾರು ಒಂದು ವರ್ಷ ದಾರಿ ತಪ್ಪಿಸಿತು.

ಪಟ್ಟಿಯಲ್ಲಿ ಐದೂ ಬೇರೆ ಬೇರೆ ಡಬ್ಬಿಗಳ ಹಾಗೆ ಕೂತಿದ್ದವು. ಯಾವುದು ಕಡಿಮೆಯೋ ಅದನ್ನು ತುಂಬಿದರೆ ಆಯಿತು ಅಂದುಕೊಂಡೆ. ಈ ಲೆಕ್ಕ ಮುರಿದದ್ದು ಒಬ್ಬ ಬಾಣಂತಿಯ ಮುಂದೆ.

ಆಕೆಗೆ 34 ವರ್ಷ. ಹೆರಿಗೆಯಾಗಿ ನಾಲ್ಕು ತಿಂಗಳು. ತುಟಿ, ಉಗುರು ಎರಡೂ ಬಿಳಿಚಿಕೊಂಡಿದ್ದವು. ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಸಂಜೆಯಾದರೆ ಕಣ್ಣು ಮಂಜು, ರಾತ್ರಿ ನಿದ್ದೆ ಇಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗಿತ್ತು, ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದರು. ಎಡಗೈ ನಾಡಿ ನೋಡಿದೆ. ದಾರದ ಎಳೆಯಷ್ಟು ಸಣ್ಣ. ರಕ್ತ ಕಮ್ಮಿ ಎನ್ನುವುದಕ್ಕೆ ಇನ್ನೇನು ಬೇಕು? ರಕ್ತ ಪೋಷಿಸಲು ಎಲ್ಲರೂ ಮೊದಲು ಕಲಿಯುವ ಸಿ ವು ತಾಂಗ್ ಎನ್ನುವ ಕಷಾಯವನ್ನು ಚೀಟಿಯಲ್ಲಿ ಬರೆದೆ. ಅದರಲ್ಲಿ ನಾಲ್ಕೇ ಮೂಲಿಕೆ: ಶು ದಿ, ದಾಂಗ್ ಗುಯಿ, ಬಾಯ್ ಶಾವ್, ಚುವಾನ್ ಶ್ಯೊಂಗ್.

ಲಾವ್‌ಶಿ ಚೀಟಿ ನೋಡಿದರು. (ಚೀನಾದಲ್ಲಿ ಕಲಿಸುವವರನ್ನು ಕರೆಯುವುದು ಹೀಗೆ. ನಮ್ಮವರು ಎಪ್ಪತ್ತು ದಾಟಿದ ಹೆಂಗಸು.) ನನಗೆ ಏನೂ ಹೇಳದೆ ಬಾಣಂತಿಯ ಕಡೆ ತಿರುಗಿ, ಬೆಳಿಗ್ಗೆ ಏನು ತಿಂದೆ ಅಂತ ಕೇಳಿದರು. ಅರ್ಧ ಬಟ್ಟಲು ಗಂಜಿ. ಅಷ್ಟಕ್ಕೇ ಹೊಟ್ಟೆ ಕಟ್ಟಿದಂತಾಗುತ್ತದೆ, ಮಧ್ಯಾಹ್ನದವರೆಗೂ ಉಬ್ಬರ. ಇದನ್ನು ಹೇಳುವಷ್ಟರಲ್ಲೇ ಆಕೆಯ ದನಿ ಸೋತುಹೋಯಿತು.

ನಾಲಿಗೆಯನ್ನು ಇನ್ನೊಮ್ಮೆ ನೋಡು ಅಂದರು. ಬಣ್ಣ ಬಿಳಿಚಿರುವುದನ್ನು ನಾನು ಮೊದಲೇ ಬರೆದುಕೊಂಡಿದ್ದೆ. ಅಂಚಿನ ಉದ್ದಕ್ಕೂ ಹಲ್ಲಿನ ಗುರುತು ಒತ್ತಿದ್ದು ಕಂಡಿರಲಿಲ್ಲ. ಬಲಗೈಯನ್ನು ಹಿಡಿಸಿದರು. ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟಾಗ ನಡುವಿನ ಬೆರಳಿನ ಕೆಳಗೆ ಸಿಗುವುದು ಗುಲ್ಮ ಮತ್ತು ಹೊಟ್ಟೆಯ ನಾಡಿ. ಸ್ವಲ್ಪ ಒತ್ತಿದರೆ ಸಾಕು, ಮಾಯವಾಗುತ್ತಿತ್ತು. ಚೀ ಇಳಿದುಹೋಗಿತ್ತು. ಅನ್ನದಿಂದ ಚೀ ಮತ್ತು ರಕ್ತ ಎರಡನ್ನೂ ಮಾಡುವ ಜಾಗವೇ ಸೋತಿರುವಾಗ ಜಿಗುಟಾದ ಶು ದಿ ಕೊಡಲು ಹೊರಟಿದ್ದೆ.

ಲಾವ್‌ಶಿ ಅದನ್ನು ಹೊಡೆದುಹಾಕಿ ಎರಡೇ ಹೆಸರು ಬರೆದರು. ಹುವಾಂಗ್ ಚೀ 30 ಗ್ರಾಂ, ದಾಂಗ್ ಗುಯಿ 6 ಗ್ರಾಂ. ರಕ್ತ ಪೋಷಿಸುವ ಕಷಾಯ ಎಂದೇ ಇದರ ಹೆಸರು. ಆದರೆ ರಕ್ತದ ಮೂಲಿಕೆ ಒಂದು ಪಾಲಾದರೆ ಚೀಯ ಮೂಲಿಕೆ ಐದು ಪಾಲು! ಇದು ಲೀ ದೊಂಗ್‌ಯುವಾನ್ (1180–1251) ಅವರು ರೂಪಿಸಿದ ಕಷಾಯ. ಮಂಗೋಲರ ಮುತ್ತಿಗೆಯ ಕಾಲದಲ್ಲಿ ಬದುಕಿದ್ದ ಆ ವೈದ್ಯರು ಹಸಿವು, ದಣಿವು, ಭಯದಿಂದ ಹೊಟ್ಟೆ ಕೆಟ್ಟು ಸಾಯುವವರನ್ನು ಕಣ್ಣಾರೆ ಕಂಡಿದ್ದರು.

ಚೀ ರಕ್ತದ ಸೇನಾಪತಿ, ರಕ್ತ ಚೀಯ ತಾಯಿ ಎನ್ನುವ ಮಾತು ನನಗೆ ಬಾಯಿಪಾಠವಾಗಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೆ. ಅದರ ತೂಕ ತಿಳಿದದ್ದು ಆ 30 ಮತ್ತು 6 ನೋಡಿದಾಗ.

ಆ ವಾರ ಎರಡೂ ಕಷಾಯವನ್ನು ನಾನೇ ಕುದಿಸಿ ಕುಡಿದೆ. ಸಿ ವು ತಾಂಗ್ ಕಪ್ಪಗೆ, ಬೆಲ್ಲದ ಪಾಕದ ಹಾಗೆ ಮಂದ. ಕುಡಿದ ಮೇಲೆ ಸಂಜೆಯವರೆಗೂ ನನಗೆ ಹಸಿವಾಗಲಿಲ್ಲ. ಗಟ್ಟಿಮುಟ್ಟಾದ ನನಗೇ ಹೀಗಾದರೆ ಆಕೆಗೆ ಹೇಗಾಗುತ್ತಿತ್ತು! ಇನ್ನೊಂದು ತಿಳಿ ಹಳದಿ, ಹಸಿ ಕಾಳಿನ ವಾಸನೆ, ಕೊನೆಗೆ ನಾಲಿಗೆಯಲ್ಲಿ ಸಣ್ಣ ಸಿಹಿ. ಹೊಟ್ಟೆ ಹಗುರವಾಗಿಯೇ ಇತ್ತು. ಓದಿದ್ದೆಲ್ಲ ನಾಲಿಗೆಯ ಮೇಲೆ ಬಂದಂತಾಯಿತು. ಆದರೆ ಯಾರೂ ಇದನ್ನು ಓದಿ ಮನೆಯಲ್ಲಿ ಸುಮ್ನೆ ಕುದಿಸಬೇಡಿ. ಜ್ವರ ಇದ್ದಾಗ, ಬೇರೆ ಔಷಧಿ ನಡೆಯುತ್ತಿರುವಾಗ ಇದು ತೊಂದರೆ ಕೊಡಬಹುದು.

ಚೀ ಎನ್ನುವ ಅಕ್ಷರದ ಹಳೆಯ ರೂಪವನ್ನೂ ಆಗಲೇ ಗಮನವಿಟ್ಟು ನೋಡಿದ್ದು. ಮೇಲೆ ಆವಿ, ಕೆಳಗೆ ಅಕ್ಕಿ. ಈಗ ಚೀನಾದಲ್ಲಿ ಬರೆಯುವ ಸರಳ ರೂಪದಲ್ಲಿ ಅಕ್ಕಿ ಬಿಟ್ಟುಹೋಗಿದೆ, ಆವಿ ಮಾತ್ರ ಉಳಿದಿದೆ. ಜಿಂಗ್‌ನ ಅಕ್ಷರದಲ್ಲಿ ಅಕ್ಕಿ ಇನ್ನೂ ಇದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಆವಿಯನ್ನು ನೆನೆಸಿಕೊಳ್ಳಿ. ಅದು ಗಾಳಿಯೋ, ನೀರೋ, ಬಿಸಿಯೋ? ಪ್ರಾಣ ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದ ನನಗೆ ಒಲೆಯ ಮೇಲಿನ ಆ ಪಾತ್ರೆ ಕಂಡಿರಲೇ ಇಲ್ಲ. ಮೊದಲ ಪುಟವನ್ನು ಹರಿದು ಹಾಕಿದೆ. ಎರಡು ಶಾಸ್ತ್ರಗಳನ್ನೂ ಅವವುಗಳ ಮಾತಿನಲ್ಲೇ ಕಲಿಯಬೇಕು ಅನ್ನಿಸಿತು.

ಬಾಣಂತಿ ವಾರಕ್ಕೊಮ್ಮೆ ಬರುತ್ತಿದ್ದಳು. ಎರಡನೇ ವಾರ ಮೊದಲು ಬಂದದ್ದು ಹಸಿವು. ಗಂಜಿ ಪೂರ್ತಿ ಬಟ್ಟಲು ಹೋಗುತ್ತಿತ್ತು. ಆಮೇಲೆ ನಿದ್ದೆ. ರಕ್ತದಲ್ಲಿ ನೆಲೆ ಸಿಕ್ಕರೆ ಶೆನ್ ರಾತ್ರಿ ಅಲೆಯುವುದಿಲ್ಲ ಎನ್ನುತ್ತಾರೆ. ಲಾವ್‌ಶಿ ಶೆನ್ ನೋಡುತ್ತಿದ್ದದ್ದು ಕಣ್ಣಿನಲ್ಲಿ. ಆಕೆ ಬಾಗಿಲು ದಾಟಿ ಬರುವಾಗಲೇ ನೋಡಿಬಿಡುತ್ತಿದ್ದರು. ತುಟಿಗೆ ಬಣ್ಣ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬೇಡ ಅಂತ ಲಾವ್‌ಶಿಯೇ ಹೇಳಿದ್ದರು. ಹಾಗಾಗಿ ಯಾವುದರಿಂದ ಎಷ್ಟು ಗುಣವಾಯಿತು ಅಂತ ನಾನು ಬಿಡಿಸಿ ಹೇಳಲಾರೆ.

ಆರನೇ ವಾರ ಬಂದಾಗ ಚೆಂಗ್ದುವಿನ ಸೆಕೆ ಶುರುವಾಗಿತ್ತು. ಬಾಯಿ ಒಣಗುತ್ತದೆ, ಬೆವರು ಜಾಸ್ತಿ ಅಂದಳು. ಈ ಸಲ ಲಾವ್‌ಶಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಬೆವರು ಜಿನ್‌ಯೆಯ, ಅಂದರೆ ಮೈಯ ದ್ರವಗಳ ಪಾಲು. ಅದಕ್ಕೂ ರಕ್ತಕ್ಕೂ ಮೂಲ ಒಂದೇ. ಬೆವರು ಹೀಗೇ ಹೋಗುತ್ತಿದ್ದರೆ ಕಟ್ಟಿದ ರಕ್ತವೂ ಸೋರುತ್ತದೆ ಅಲ್ವಾ? ಬಿಸಿ ಸ್ವಭಾವದ ಹುವಾಂಗ್ ಚೀಯನ್ನು 15 ಗ್ರಾಂಗೆ ಇಳಿಸಿ, ತಂಪು ಕೊಡುವ ಮಾಯ್ ದೊಂಗ್ ಸೇರಿಸಿದೆ. ಅವರು ಓದಿ, ಕೆಳಗೆ ಸಹಿ ಹಾಕಿ, ಮುಂದಿನವರನ್ನು ಕರೆಯಲು ಹೇಳಿದರು.