ಒಂಬತ್ತನೇ ಕ್ಲಾಸಿನಲ್ಲಿ ಅಂಕ ಕಡಿಮೆಯೇ? ಅಮೆರಿಕದ ಕಾಲೇಜಿಗೆ ಪ್ರಬಂಧ ಹೀಗೆ ಬರೆಯಿರಿ

ಅಮೆರಿಕದಲ್ಲಿ ಪದವಿ ಓದಲು ಅರ್ಜಿ ಹಾಕುವ ನಮ್ಮ ಮಕ್ಕಳು ಮೊದಲು ಬೆಚ್ಚಿಬೀಳುವುದು ಅಂಕಪಟ್ಟಿಯ ವಿಷಯಕ್ಕೆ. ಎಸ್ಸೆಸ್ಸೆಲ್ಸಿ, ಪಿಯುಸಿ ಸಾಲದು. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ್ದು ಬೇಕು. ಇಲ್ಲಿ ಯಾರೂ ಕೇಳದ ಒಂಬತ್ತನೇ ಕ್ಲಾಸಿನ ಅಂಕ ಅಲ್ಲಿ ಎದ್ದು ಕಾಣುತ್ತದೆ. ಆ ಅಳುಕಿನಲ್ಲಿ ಎಷ್ಟೋ ಮಕ್ಕಳು ಪರ್ಸನಲ್ ಸ್ಟೇಟ್‌ಮೆಂಟ್ (ತಮ್ಮ ಬಗ್ಗೆ ತಾವೇ ಬರೆಯುವ ಮುಖ್ಯ ಪ್ರಬಂಧ) ಪೂರ್ತಿ ಕ್ಷಮೆ ಕೇಳುತ್ತಾ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು, ಯಾವುದನ್ನು ಎಲ್ಲಿ ಬರೆಯಬೇಕು ಎಂದು ತಿಳಿದುಕೊಳ್ಳಿ. ಅನೇಕ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ಮುಖ್ಯ ಪ್ರಬಂಧಕ್ಕೆ 250ರಿಂದ 650 ಪದ. ಅದರ ಹೊರತಾಗಿ ‘ಹೆಚ್ಚುವರಿ ಮಾಹಿತಿ’ಗೆ ಬೇರೆಯೇ ಜಾಗವಿದೆ; ಮೊದಲು 650 ಪದ ಇತ್ತು, 2025-26ರ ಸಾಲಿನಿಂದ 300ಕ್ಕೆ ಇಳಿದಿದೆ. ಅಂಕ ಏಕೆ ಕುಸಿಯಿತು ಎಂಬುದು ಹೋಗಬೇಕಾದದ್ದು ಅಲ್ಲಿಗೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿಯೇ ಬೇರೆ: ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದದೊಳಗೆ ಉತ್ತರ. ಅವರು ಜಿಪಿಎ (ಅಂಕಗಳ ಸರಾಸರಿ) ಲೆಕ್ಕಕ್ಕೆ ಒಂಬತ್ತರ ಅಂಕ ಸೇರಿಸುವುದೇ ಇಲ್ಲ.

ಆಮೇಲೆ ಹಳೆಯ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಮುಂದೆ ಹರಡಿಕೊಳ್ಳಿ. ಯಾವ ವಿಷಯ, ಯಾವ ವರ್ಷ ಬಿತ್ತು, ಯಾವಾಗ ಎದ್ದಿತು, ಗುರುತು ಹಾಕಿ. ಏರಿದ್ದು ಕಂಡರೆ ಅರ್ಧ ಕೆಲಸ ಆದಂತೆ.

ಹಾಸನದ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳ ಹೆಚ್ಚುವರಿ ಮಾಹಿತಿ ಇಷ್ಟಿದ್ದರೆ ಸಾಕು: “ಎಂಟರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಅಪ್ಪನಿಗೆ ವರ್ಗವಾಗಿ ಒಂಬತ್ತಕ್ಕೆ ಬೆಂಗಳೂರಿನ ಇಂಗ್ಲಿಷ್ ಮಾಧ್ಯಮ ಶಾಲೆ ಸೇರಿದೆ. ಆ ವರ್ಷ ವಿಜ್ಞಾನದಲ್ಲಿ 41 ಬಂತು. ಹತ್ತರಲ್ಲಿ 78, ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ 89.” ಗೋಳಿಲ್ಲ, ದೂರಿಲ್ಲ. ಓದುವವರಿಗೆ ಬೇಕಾದದ್ದೆಲ್ಲ ಇದೆ.

ಇನ್ನು ಮುಖ್ಯ ಪ್ರಬಂಧ. “ಎಷ್ಟೇ ಕಷ್ಟ ಬಂದರೂ ಛಲ ಬಿಡಲಿಲ್ಲ” ಎಂದು ಯಾರು ಬೇಕಾದರೂ ಬರೆಯಬಹುದು. ಆ ಹುಡುಗಿ ಮಾತ್ರ ಬರೆಯಬಲ್ಲದ್ದು ಯಾವುದು? ಪರೀಕ್ಷೆಯಲ್ಲಿ ‘ಫೋಟೋಸಿಂಥೆಸಿಸ್’ ವಿವರಿಸಿ ಎಂದಿತ್ತು, ಅವಳು ಖಾಲಿ ಬಿಟ್ಟು ಬಂದಳು. ಮನೆಗೆ ಬಂದು ಪುಸ್ತಕದಲ್ಲಿ ಎಲೆಯ ಚಿತ್ರ ನೋಡಿದಾಗ ತಿಳಿಯಿತು, ಅದು ತಾನು ಬಾಯಿಪಾಠದಂತೆ ಬಲ್ಲ ದ್ಯುತಿಸಂಶ್ಲೇಷಣೆ! ಅಂದು ರಾತ್ರಿಯೇ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದಳು. ಎಡಕ್ಕೆ ಪತ್ರಹರಿತ್ತು, ಬಲಕ್ಕೆ ಕ್ಲೋರೋಫಿಲ್. ಎಡಕ್ಕೆ ಪತ್ರರಂಧ್ರ, ಬಲಕ್ಕೆ ಸ್ಟೊಮಾಟಾ. ಮರುವರ್ಷ ಕನ್ನಡ ಶಾಲೆಯಿಂದ ಬಂದ ಇನ್ನೊಬ್ಬ ಹುಡುಗ ಆ ಪುಸ್ತಕ ಕೇಳಿ ಒಯ್ದ. ವಾಪಸ್ ಕೊಡುವಾಗ ಅವನ ಕೈಬರಹದಲ್ಲಿ ಹೊಸ ಪದಗಳೂ ಸೇರಿದ್ದವು. ಪ್ರಬಂಧ ಇದೇ. 41ರ ಸುದ್ದಿಯನ್ನು ಇಲ್ಲಿ ಎತ್ತಬೇಕಾಗಿಯೂ ಇಲ್ಲ.

ನಿಮಗೆ ಅಂಥ ಕಾರಣವೇನೂ ಇರಲಿಲ್ಲ, ಮೊಬೈಲು, ಕ್ರಿಕೆಟ್ಟು ಅಂತ ಓದಲಿಲ್ಲ ಅನ್ನೋಣ. ಅದನ್ನೇ ಒಂದು ವಾಕ್ಯದಲ್ಲಿ ಹೇಳಿ, ನಂತರ ಏನು ಬದಲಾಯಿಸಿಕೊಂಡಿರಿ ಎಂದು ಬರೆಯಿರಿ. ಇಲ್ಲದ ಕಾಯಿಲೆ ಹುಟ್ಟುಹಾಕಬೇಡಿ. ಶಾಲೆಯಿಂದಲೂ ನಿಮ್ಮ ಬಗ್ಗೆ ವರದಿ, ಶಿಫಾರಸು ಪತ್ರ ಹೋಗುತ್ತದೆ. ಮನೆಯಲ್ಲಿ ನಿಜವಾಗಿ ಸಂಕಟವಿದ್ದರೆ ಪತ್ರ ಬರೆಯುವ ಮೇಷ್ಟ್ರಿಗೆ ಮೊದಲೇ ತಿಳಿಸಿ. ನೀವು ಹೇಳಲು ಹಿಂಜರಿಯುವುದನ್ನು ಅವರು ಎರಡು ಸಾಲಿನಲ್ಲಿ ಘನತೆಯಿಂದ ಹೇಳಬಲ್ಲರು.

ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಳ್ಳಿ ಎಂಬುದು ನನ್ನ ಸಲಹೆ. ನೆನಪುಗಳು ಆ ಭಾಷೆಯಲ್ಲೇ ಇರುವಾಗ ವಿವರ ತಾನಾಗಿ ಬರುತ್ತದೆ. ಇಂಗ್ಲಿಷಿಗೆ ತಂದಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆ ತಿದ್ದಿ. ದುಡ್ಡು ಕೊಟ್ಟು ಬರೆಸುವುದು, ಎಐಯಿಂದ ಬರೆಸಿ ತನ್ನದೆನ್ನುವುದು ಬೇಡ. ಕಾಮನ್ ಆ್ಯಪ್ ಅದನ್ನು ವಂಚನೆ ಎಂದೇ ಪರಿಗಣಿಸುತ್ತದೆ.

ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗ ಹಾಕುವವರಿಗೆ ಎಷ್ಟೋ ಕಾಲೇಜುಗಳಲ್ಲಿ ನವೆಂಬರ್ 1 ಕೊನೆಯ ದಿನ. ಹಳೆಯ ಮಾರ್ಕ್ಸ್ ಕಾರ್ಡಿಗೆ ಶಾಲೆಯ ಮೊಹರು ಬೇಕಾಗಬಹುದು, ಆ ಅಲೆದಾಟವನ್ನು ಬೇಸಿಗೆ ರಜೆಗೆ ಮೊದಲೇ ಮುಗಿಸಿಕೊಳ್ಳಿ.